ಪುಸ್ತಕದ ಗೇಣಿ, ಅಜ್ಜನ ಗೇಣಿ: ಬಿ.ಎ.ನಲ್ಲಿ ರಾಜಕೀಯ ಅರ್ಥಶಾಸ್ತ್ರ ಓದೋದು ಹೇಗೆ?

ಮಲೆನಾಡ ಹುಡುಗಿ (ಸಾಗರ ತಾಲೂಕು)

ಎಲ್ಲರಿಗೂ ನಮಸ್ಕಾರ. ನಾನು ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಎರಡನೇ ವರ್ಷದ ಬಿ.ಎ. ಓದ್ತಿದೀನಿ. ಎಚ್‌ಇಪಿ, ಅಂದ್ರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಕನ್ನಡ ಮಾಧ್ಯಮ.

ಹೋದ ತಿಂಗಳು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ರಿಕಾರ್ಡೊನ ಗೇಣಿ (ಉಳೋಕೆ ಪಡೆದ ಭೂಮಿಗೆ ಕೊಡೋ ಬಾಡಿಗೆ) ಸಿದ್ಧಾಂತ ಪಾಠ ಆಯ್ತು. ಎ, ಬಿ, ಸಿ ಅಂತ ಮೂರು ದರ್ಜೆ ಭೂಮಿ, ಒಂದು ಚಿತ್ರ, ಕೊನೇ ದರ್ಜೆ ಭೂಮಿಗೆ ಗೇಣಿ ಇಲ್ಲ, ಆಮೇಲೆ ಟೀಕೆಗಳು. ಬರ್ಕೊಂಡೆ. ಸಂಜೆ ಜಗುಲಿ ಮೇಲೆ ಕೂತು ಗಟ್ಟಿಯಾಗಿ ಓದ್ಕೊಳ್ತಿದ್ದಾಗ ಅಜ್ಜ "ಎಂತದೇ ಅದು, ಆಗಿಂದ ಗೇಣಿ ಗೇಣಿ ಅಂತಿದ್ಯಲ್ಲ" ಅಂದ್ರು. ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಸಾರ ಇಲ್ದಿದ್ ಗದ್ದೆಗೆ ಗೇಣಿ ಇಲ್ಲ ಅಂತ ಬರ್ದಿದಾರಾ? ನಮ್ಮಪ್ಪ ಬೆಳೆ ಹೋದ ವರ್ಷನೂ ಅಳೆದು ಕೊಟ್ಟಿದ್ದ" ಅಂದ್ರು. ಭೂಮಿ ಒಡೆಯರ ಮನೇಲಿ ಭತ್ತ ಅಳೆಯೋ ಕೊಳಗ ನಮ್ಮನೆ ಕೊಳಗಕ್ಕಿಂತ ದೊಡ್ಡದಿತ್ತು ಅಂತಾನೂ ಹೇಳಿದ್ರು. ಲೆಕ್ಕದಲ್ಲಿ ಕೊಳಗದ ಸಂಖ್ಯೆ ಅಷ್ಟೇ, ಹೋಗೋ ಭತ್ತ ಮಾತ್ರ ಜಾಸ್ತಿ.

ಕಾಗೋಡು ಇರೋದು ನಮ್ಮ ತಾಲೂಕಲ್ಲೇ. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಬಗ್ಗೆ ಇತಿಹಾಸದ ನೋಟ್ಸಲ್ಲಿ ಒಂದು ಪ್ಯಾರಾ ಇದೆ. ಗೇಣಿದಾರರಿಗೆ ಭೂಮಿ ಕೊಟ್ಟ 1974ರ ಭೂಸುಧಾರಣೆ ತಿದ್ದುಪಡಿ ರಾಜ್ಯಶಾಸ್ತ್ರದಲ್ಲಿ ಬರುತ್ತೆ, ಗೇಣಿ ಸಿದ್ಧಾಂತ ಅರ್ಥಶಾಸ್ತ್ರದಲ್ಲಿ. ಮೂರು ಪೇಪರ್, ಮೂರು ಜನ ಮೇಷ್ಟ್ರು. ಒಂದರಲ್ಲಿ ಓದಿದ್ದು ಇನ್ನೊಂದರಲ್ಲಿ ಬರೋದೇ ಇಲ್ಲ. ಇವು ಮೂರೂ ಸೇರೋ ವಿಷಯ ಯಾವುದು ಅಂತ ಕೇಳಿದ್ರೆ ನಮ್ಮ ಸರ್ "ಪೊಲಿಟಿಕಲ್ ಎಕಾನಮಿ, ಅದಕ್ಕೆ ನಮ್ಮಲ್ಲಿ ಬೇರೆ ಪೇಪರ್ ಇಲ್ಲ" ಅಂದ್ರು. ಪೇಪರ್ ಇಲ್ಲದೆ ನಾನೇ ಓದ್ಕೋಬಹುದಾ? ಎಲ್ಲಿಂದ ಶುರು ಮಾಡ್ಲಿ? ನನ್ನ ಇಂಗ್ಲಿಷ್ ಚೆನ್ನಾಗಿಲ್ಲ, ಗಣಿತ ಹತ್ತನೇ ಕ್ಲಾಸಿಗೇ ಬಿಟ್ಟಿದ್ದು. ಮುಂದೆ ಇದನ್ನೇ ಓದೋಕೆ ಆಗುತ್ತಾ ಅನ್ನೋದು ಇನ್ನೊಂದು ಪ್ರಶ್ನೆ.

ನಿವೃತ್ತ ಮೇಷ್ಟ್ರು (ಮೈಸೂರು)

ಮಗಳೇ, ನಿನ್ನ ಅಜ್ಜ ಕೇಳಿದ್ದು ರಿಕಾರ್ಡೊನನ್ನೇ ಎದುರಿಗೆ ಕೂರಿಸಿಕೊಂಡು ಕೇಳಬೇಕಾದ ಪ್ರಶ್ನೆ. ಮೂವತ್ತು ವರ್ಷ ಆ ಎ, ಬಿ, ಸಿ ಚಿತ್ರವನ್ನು ಬೋರ್ಡಿನ ಮೇಲೆ ಬರೆದವನು ನಾನು. ಅದು ಹುಟ್ಟಿದ್ದು ಹೇಗೆ ಅಂತ ಹೇಳ್ತೀನಿ, ಗೈಡುಗಳಲ್ಲಿ ಆ ಭಾಗವೇ ಇರುವುದಿಲ್ಲ.

ನೆಪೋಲಿಯನ್ ಯುದ್ಧ ಮುಗಿಯುತ್ತಾ ಬಂದಾಗ ಇಂಗ್ಲೆಂಡಿನ ಜಮೀನುದಾರರಿಗೆ ಒಂದು ಹೆದರಿಕೆ ಹತ್ತಿತು. ಸಮುದ್ರದಾಚೆಯ ಅಗ್ಗದ ಗೋಧಿ ಬಂದರೆ ಬೆಲೆ ಬೀಳುತ್ತೆ, ಜೊತೆಗೆ ಗೇಣಿಯೂ ಬೀಳುತ್ತೆ. ಪಾರ್ಲಿಮೆಂಟಿನಲ್ಲಿ ಅವರದ್ದೇ ಮೇಲುಗೈ. 1815ರಲ್ಲಿ ಕಾನೂನು ತಂದರು: ಒಳನಾಡಿನ ಗೋಧಿ ಬೆಲೆ ಕ್ವಾರ್ಟರ್ ಅಳತೆಗೆ 80 ಷಿಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿಯನ್ನು ಅಲ್ಲಿ ಮಾರುವ ಹಾಗಿಲ್ಲ. ಕೂಲಿಯವನ ಬ್ರೆಡ್ಡು ದುಬಾರಿಯಾಯಿತು. ಅದೇ ವರ್ಷ ರಿಕಾರ್ಡೊ ಇದರ ವಿರುದ್ಧ ಒಂದು ಕಿರುಹೊತ್ತಿಗೆ ಬರೆದ. ಅದನ್ನೇ ಬೆಳೆಸಿ 1817ರಲ್ಲಿ ದೊಡ್ಡ ಪುಸ್ತಕ ಮಾಡಿದ. ಅವನ ವಾದ ಇಷ್ಟು: ಬೆಲೆ ಏರಿದರೆ ಕೆಟ್ಟ ನೆಲವನ್ನೂ ಉಳುತ್ತಾರೆ. ಕೆಟ್ಟ ನೆಲದ ಖರ್ಚು ಹುಟ್ಟುವ ಹಾಗೆ ಬೆಲೆ ನಿಂತಿತು ಅಂದರೆ, ಒಳ್ಳೆಯ ನೆಲದಲ್ಲಿ ಬರುವ ಹೆಚ್ಚುವರಿ ಅದರ ಒಡೆಯನ ಪಾಲಿಗೆ ತಾನಾಗಿ ಸೇರುತ್ತೆ. ಗೇಣಿ ಹೆಚ್ಚಾಗಿದ್ದರಿಂದ ಗೋಧಿ ದುಬಾರಿಯಾಗಿಲ್ಲ, ಗೋಧಿ ದುಬಾರಿಯಾಗಿದ್ದರಿಂದ ಗೇಣಿ ಹೆಚ್ಚಾಗಿದೆ. ನೀನು ಬರೆದುಕೊಂಡ ಚಿತ್ರ ಶಾಸನಸಭೆಯ ಜಗಳವೊಂದರಲ್ಲಿ ಹಿಡಿದ ಆಯುಧ. ರಿಕಾರ್ಡೊ ಸ್ವತಃ ಜಮೀನು ಕೊಂಡವನು. 1819ರಲ್ಲಿ ಪಾರ್ಲಿಮೆಂಟಿಗೂ ಹೋದ, ಅಲ್ಲೂ ಇದನ್ನೇ ವಾದಿಸಿದ. 1823ರಲ್ಲಿ ತೀರಿಕೊಂಡ. ಆ ಕಾನೂನು ರದ್ದಾಗಿದ್ದು 1846ರಲ್ಲಿ.

ಇನ್ನು ನಿನ್ನ ಅಜ್ಜನ ಮಾತಿಗೆ ಬರೋಣ. ರಿಕಾರ್ಡೊನ ಲೆಕ್ಕದಲ್ಲಿ ಗೇಣಿಗೆ ಮಾಡುವವನು ಸ್ವತಂತ್ರ. ಇಲ್ಲಿ ಗಿಟ್ಟದಿದ್ದರೆ ಬಿಟ್ಟು ಬೇರೆ ಕಡೆ ಹೋಗ್ತಾನೆ, ಅವನ ದುಡ್ಡೂ ಅವನ ಜೊತೆ ಹೋಗುತ್ತೆ. ನಿನ್ನ ಮುತ್ತಜ್ಜ ಎಲ್ಲಿಗೆ ಹೋಗಬೇಕಿತ್ತು? ಒಡೆಯರ ಮನೆಯ ಸಾಲ ಇದ್ದಿರಬೇಕು. ಇದ್ದ ಮನೆಯ ಜಾಗವೂ ಬಹುಶಃ ಅವರದ್ದೇ. ಜಾತಿಯ ಅಂತರ ಬೇರೆ. ಬಿಟ್ಟು ಹೋಗಲು ಆಗದವನ ಗೇಣಿ ನೆಲದ ಸಾರದಿಂದ ನಿರ್ಧಾರ ಆಗುವುದಿಲ್ಲ. ಕೊಳಗ ಯಾರ ಕೈಯಲ್ಲಿದೆಯೋ ಅವರಿಂದ ಆಗುತ್ತೆ. ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದ್ದು ಇದೇ ಅಳತೆಯ ಪ್ರಶ್ನೆ ಹಿಡಿದು. ಆಮೇಲೆ ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಪಕ್ಷ ಜೊತೆಗೂಡಿತು, ಅದರ ರಾಷ್ಟ್ರೀಯ ನಾಯಕ ಲೋಹಿಯಾ ಬಂದರು, ಬಂಧನವಾದರು.

ಹೆಸರಿನ ಬಗ್ಗೆ ಒಂದು ಮಾತು. 1776ರ ಆಡಂ ಸ್ಮಿತ್‌ನ ಪುಸ್ತಕದಿಂದ 1848ರ ಜಾನ್ ಸ್ಟುವರ್ಟ್ ಮಿಲ್‌ನ ಪುಸ್ತಕದ ತನಕ ಈ ಶಾಸ್ತ್ರವನ್ನು ಕರೆಯುತ್ತಿದ್ದುದೇ ರಾಜಕೀಯ ಅರ್ಥಶಾಸ್ತ್ರ ಅಂತ. 1890ರಲ್ಲಿ ಮಾರ್ಷಲ್‌ನ ಪುಸ್ತಕ ಬಂದ ಮೇಲೆ 'ರಾಜಕೀಯ' ಉದುರಿಹೋಗಿ ಬರೀ ಅರ್ಥಶಾಸ್ತ್ರ ಗಟ್ಟಿಯಾಯಿತು. ನಮ್ಮಲ್ಲಿ 'ಅರ್ಥಶಾಸ್ತ್ರ' ಅನ್ನುವ ಹೆಸರಿನೊಳಗೇ ರಾಜಕೀಯ ಇದೆ. ಇದೇ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ 'ಅರ್ಥಶಾಸ್ತ್ರ' ಗ್ರಂಥದಲ್ಲಿ ಕಂದಾಯ, ಗಣಿ, ತೂಕ, ಅಳತೆ, ದಂಡ, ಸೈನ್ಯ ಎಲ್ಲ ಒಟ್ಟಿಗೇ ಇವೆ. ಅಳತೆಯಲ್ಲಿ ಮೋಸ ಮಾಡಿದವನಿಗೆ ದಂಡ ಎಷ್ಟು ಅನ್ನುವುದೂ ಇದೆ.

ಪೇಪರ್ ಇಲ್ಲ ಅಂತ ಕಾಯಬೇಡ. ಯಾವ ಸಿದ್ಧಾಂತ ಓದಿದರೂ, ಅದು ಯಾವ ಊರಿನ ಯಾವ ಜಗಳದಲ್ಲಿ ಹುಟ್ಟಿತು ಅಂತ ಹುಡುಕಿಕೊಂಡು ಹೋಗು.

ಅಂಕಿಅಂಶ (ಬೆಂಗಳೂರು)

ಮೇಷ್ಟ್ರ ಮಾತು ಒಪ್ತೀನಿ, ಆದ್ರೆ ಗಣಿತದ ವಿಷಯ ಇಲ್ಲಿ ಯಾರೂ ಎತ್ತದೆ ಹೋಗಬಾರದು. ನಾನೂ ಎಚ್‌ಇಪಿ ಓದಿ ಎಂ.ಎ. ಅರ್ಥಶಾಸ್ತ್ರಕ್ಕೆ ಬಂದವನು. ಮೊದಲ ಸೆಮಿಸ್ಟರ್‌ನಲ್ಲಿ ಪಟ್ಟ ಕಷ್ಟ ಈಗಲೂ ನೆನಪಿದೆ. ಜೊತೆಯವರು ಕ್ಯಾಲ್ಕುಲಸ್ ಮಾಡ್ತಿದ್ರೆ ನಾನು ರೂಮಿನಲ್ಲಿ ಕೂತು ಪಿಯುಸಿ ಪುಸ್ತಕ ಬಿಡಿಸ್ತಿದ್ದೆ. ತಂಗಿ, ಈಗಿಂದಲೇ ದಿನಾ ಅರ್ಧ ಗಂಟೆ ಪ್ರಥಮ ಪಿಯು ಗಣಿತ ಮಾಡು. ಸಂಖ್ಯಾಶಾಸ್ತ್ರದಲ್ಲಿ ಸರಾಸರಿ, ಮಧ್ಯಕ, ಸೂಚ್ಯಂಕ ಇಷ್ಟನ್ನಾದರೂ ಕೈಯಾರೆ ಲೆಕ್ಕ ಹಾಕಿ ನೋಡು.

ಯಾಕೆ ಅಂತ ಒಂದು ಉದಾಹರಣೆ. ಕೇಂದ್ರ ಸರ್ಕಾರ ತೆರಿಗೆಯಲ್ಲಿ ರಾಜ್ಯಗಳಿಗೆ ಕೊಡೋ ಪಾಲನ್ನ ಹಣಕಾಸು ಆಯೋಗ ಶಿಫಾರಸು ಮಾಡುತ್ತೆ. 15ನೇ ಆಯೋಗ 2021-26ಕ್ಕೆ ಹಂಚಬಹುದಾದ ತೆರಿಗೆಯಲ್ಲಿ 41% ರಾಜ್ಯಗಳಿಗೆ ಅಂತು. ಆ ಮೊತ್ತದಲ್ಲಿ ಕರ್ನಾಟಕದ ಪಾಲು 14ನೇ ಆಯೋಗದಲ್ಲಿ 4.713% ಇದ್ದದ್ದು 3.647%ಗೆ ಇಳೀತು. ರಾಜ್ಯಗಳಿಗೆ ಹೋಗೋ ಪ್ರತಿ ನೂರು ರೂಪಾಯಿಯಲ್ಲಿ ನಮಗೆ ನಾಲ್ಕು ರೂಪಾಯಿ ಎಪ್ಪತ್ತೊಂದು ಪೈಸೆ ಬರ್ತಿದ್ದದ್ದು ಮೂರು ರೂಪಾಯಿ ಅರವತ್ತೈದು ಪೈಸೆ ಆಯ್ತು. 2024ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ, ಮಂತ್ರಿಗಳು ಜಂತರ್ ಮಂತರ್‌ನಲ್ಲಿ ಕೂತು ಪ್ರತಿಭಟನೆ ಮಾಡಿದ್ದು ಇದಕ್ಕೇ.

ಟಿವಿಯಲ್ಲಿ ಒಬ್ಬರು ಅನ್ಯಾಯ ಅಂತಾರೆ, ಇನ್ನೊಬ್ಬರು ನಿಯಮ ಅಂತಾರೆ. ಸೂತ್ರ ಬಿಡಿಸಿ ನೋಡಿದವರಿಗೆ ಮಾತ್ರ ಒಳಗೆ ಏನಿದೆ ಅಂತ ಗೊತ್ತಾಗೋದು. 15ನೇ ಆಯೋಗದ ಸೂತ್ರದಲ್ಲಿ 100ರಲ್ಲಿ 45 ಅಂಕ ಆದಾಯದ ಅಂತರಕ್ಕೆ (ರಾಜ್ಯದ ತಲಾ ಆದಾಯ ಶ್ರೀಮಂತ ರಾಜ್ಯಕ್ಕಿಂತ ಎಷ್ಟು ಕಡಿಮೆ ಅನ್ನೋದಕ್ಕೆ), ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನಸಂಖ್ಯೆ ನಿಯಂತ್ರಣಕ್ಕೆ 12.5, ಅರಣ್ಯ ಮತ್ತು ಪರಿಸರಕ್ಕೆ 10, ತೆರಿಗೆ ಸಂಗ್ರಹದ ಶ್ರಮಕ್ಕೆ 2.5. ಜನಸಂಖ್ಯೆ ಅಂದ್ರೆ ಯಾವ ವರ್ಷದ್ದು? 14ನೇ ಆಯೋಗ 1971 ಮತ್ತು 2011 ಎರಡನ್ನೂ ತಗೊಂಡಿತ್ತು, 15ನೆಯದು 2011 ಒಂದನ್ನೇ ತಗೊಳ್ತು. ಬಡ ರಾಜ್ಯಕ್ಕೆ ಹೆಚ್ಚು ಹೋಗಬೇಕು ಅನ್ನೋದು ನ್ಯಾಯ ಅಂತಲೇ ನಾನು ನಂಬಿದೀನಿ. ಆದ್ರೆ 45ರ ಬದಲು 40 ಯಾಕಲ್ಲ, 2.5ರ ಬದಲು 7.5 ಯಾಕಲ್ಲ ಅಂತ ಕೇಳೋಕೆ ಮೊದಲು ಭಾಗಾಕಾರ ಬರಬೇಕು. ನಿಮ್ಮ ಊರಿನ ಕೊಳಗ ಇದ್ದ ಹಾಗೇ ಇದೂ ಒಂದು ಕೊಳಗ.

ಕಬ್ಬಿನ ಗದ್ದಿ (ಗೋಕಾಕ ಕಡೆ)

ತಂಗಿ, ನಾ ಬಿ.ಎ. ಮುಗಿಸಿ ಈಗ ಒಕ್ಕಲತನ ಮಾಡಾಕತ್ತೇನಿ. ಕೊಳಗದ ಮಾತ ಓದಿ ಸುಮ್ನ ಕುಂದ್ರಾಕ ಆಗಲಿಲ್ಲ. ನಮ್ಮ ಕಡೆ ಆ ಜಗಳ ಇವತ್ತಿಗೂ ಐತಿ, ಹೆಸರು ಬ್ಯಾರೆ ಅಷ್ಟ: ರಿಕವರಿ.

ಕಬ್ಬಿಗೆ ಎಫ್‌ಆರ್‌ಪಿ ಅಂತ, ಫ್ಯಾಕ್ಟರಿ ಕೊಡಲೇಬೇಕಾದ ಕನಿಷ್ಠ ದರಾ ಕೇಂದ್ರ ಸರ್ಕಾರ ಕಟ್ಟತೈತಿ. 2025-26ಕ್ಕ ಕ್ವಿಂಟಲಿಗೆ 355 ರೂಪಾಯಿ, ಅದು 10.25% ರಿಕವರಿ ಇದ್ರ. ಅಂದ್ರ ನೂರು ಕಿಲೋ ಕಬ್ಬಿಗೆ ಹತ್ತೂ ಕಾಲು ಕಿಲೋ ಸಕ್ಕರಿ ಬಂದ್ರ. 0.1 ಏರಿದ್ರ 3 ರೂಪಾಯಿ 46 ಪೈಸೆ ಹೆಚ್ಚ, ಇಳದ್ರ ಅಷ್ಟ ಕಡಿಮಿ. 9.5ಕ್ಕಿಂತ ಕೆಳಗ ಹೋದ್ರ 329.05ಕ್ಕ ನಿಲ್ಲತೈತಿ. ಆ ರಿಕವರಿ ಅಳಿಯೂ ಲ್ಯಾಬ್ ಫ್ಯಾಕ್ಟರಿ ಒಳಗ, ತೂಕದ ಕಾಟಾ ಫ್ಯಾಕ್ಟರಿ ಗೇಟಿನ್ಯಾಗ. ನಾವು ಹೊರಗ.

ಲೆಕ್ಕ ಹಾಕಿ ನೋಡ. ಎಕರೆಕ್ಕ 40 ಟನ್ ಬಂತು ಅಂತ ಹಿಡಿ. ರಿಕವರಿ ಅರ್ಧ ಪರ್ಸೆಂಟ್ ಕಡಿಮಿ ಬರದ್ರ ಟನ್ನಿಗೆ 173 ರೂಪಾಯಿ ಹೋತು, ಎಕರೆಕ್ಕ 6,920. ಅದು ನಮ್ಮ ಮನಿ ಹುಡುಗನ ಒಂದ ವರ್ಷದ ಹಾಸ್ಟೆಲ್ ಖರ್ಚಿನ್ಯಾಗ ದೊಡ್ಡ ಪಾಲ. ಮ್ಯಾಲ ಕಡಿಯೂ ಕೂಲಿ, ಸಾಗಸೂ ಖರ್ಚ ನಮ್ಮ ಬಿಲ್ಲಿನ್ಯಾಗ ಮುರೀತಾರ. ಹದಿನಾಲ್ಕ ದಿವಸದಾಗ ರೊಕ್ಕಾ ಕೊಡಬೇಕು, ತಡಾ ಆದ್ರ 15% ಬಡ್ಡಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಾಗ ಬರದೈತಿ. ನಾ ಕಬ್ಬ ಕಳಿಸಿದ ಫ್ಯಾಕ್ಟರಿ ಒಂದ ಸಲ ನಾಕ ತಿಂಗಳ ಬಿಲ್ ಇಟಗೊಂಡಿತ್ತು. ಬಡ್ಡಿ ಕೇಳಿದಾಗ ಗುಮಾಸ್ತ ನನ್ನ ಮಾರಿ ನೋಡಲಿಲ್ಲ.

2025ರ ನವೆಂಬರ್‌ನ್ಯಾಗ ನಮ್ಮ ಬೆಳಗಾವಿ ಜಿಲ್ಲಾದ ಗುರ್ಲಾಪುರದಾಗ, ಕಡಿಯೂ ಸಾಗಸೂ ಖರ್ಚ ಬಿಟ್ಟ ಕೈಗೆ ಟನ್ನಿಗೆ 3,500 ಬೇಕಂತ ಧರಣಿ ಕುಂತವರೊಳಗ ನಾನೂ ಇದ್ನಿ. ಕಡೀಕ 3,300ಕ್ಕ ಬಂದ ನಿಂತಿತು. ಅಲ್ಲಿ ಕುಂತಾಗ ನನಗ ಅನಿಸಿದ್ದು, ಕಾಲೇಜಿನ್ಯಾಗ ಬೇಡಿಕೆ-ಪೂರೈಕೆ ಗೆರೀ ಎರಡ ಒಂದನ್ನೊಂದು ಕತ್ತರಸೂ ಬಿಂದು ತೋರಸಿದ್ರಲ್ಲ, ಇಲ್ಲಿ ಆ ಬಿಂದು ರಸ್ತಾದ ಮ್ಯಾಲ ಸರದಾಡಾಕತ್ತಿತ್ತು. ಇದನ್ನ ಯಾರರ ಬಿ.ಎ.ದಾಗ ಕಲಿಸಿದ್ರ ಚಲೋ ಆಗತಿತ್ತು.

ಓದುಗ (ದಾವಣಗೆರೆ)

ನನ್ನದೊಂದು ಅನುಮಾನ. ರಾಜಕೀಯ ಅರ್ಥಶಾಸ್ತ್ರ ಅಂದರೆ ಕೊನೆಗೆ ಎಡಪಂಥದ ಪಾಠವೇ ಅಲ್ಲವೇ? ಮಗಳು ಬಿ.ಎ. ಸೇರಿದ್ದಾಳೆ, ಒಂದೇ ಕಡೆಯ ಮಾತು ಕೇಳಿಕೊಂಡು ಬರುತ್ತಾಳೆ ಅನ್ನುವ ಚಿಂತೆ ಇದೆ.

ಅತಿಥಿ ಉಪನ್ಯಾಸಕಿ (ಕಲಬುರಗಿ)

ಸರ್, ನಿಮ್ಮ ಚಿಂತೆ ನನಗೆ ಅರ್ಥ ಆಗುತ್ತೆ, ಪೋಷಕರ ಸಭೆಯಲ್ಲೂ ಇದನ್ನ ಕೇಳಿದ್ದೀನಿ. ಮಾರ್ಕ್ಸ್ ಇಲ್ಲದೆ ಈ ವಿಷಯ ಓದಕ್ಕೆ ಆಗಲ್ಲ. ಮಾರ್ಕ್ಸ್ ಒಬ್ಬನನ್ನೇ ಓದಿದರೂ ಆಗಲ್ಲ. ಸ್ಮಿತ್, ರಿಕಾರ್ಡೊ ಇಬ್ಬರೂ ಮಾರುಕಟ್ಟೆಯ ಪರ ನಿಂತವರು. ಅಧಿಕಾರಿಗಳು, ರಾಜಕಾರಣಿಗಳು ಕೂಡ ಸ್ವಂತ ಲಾಭ ನೋಡ್ತಾರೆ, ಅದನ್ನ ಲೆಕ್ಕಕ್ಕೆ ತಗೊಳ್ಳಿ ಅಂದ ಬ್ಯುಕಾನನ್‌ಗೆ 1986ರಲ್ಲಿ ನೊಬೆಲ್ ಬಂತು, ಅವರನ್ನ ಯಾರೂ ಎಡ ಅನ್ನಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಂ ಓದಿದ್ದು ರಾಜ್ಯಶಾಸ್ತ್ರ. ಕೆರೆ, ಕಾಡು, ಹುಲ್ಲುಗಾವಲನ್ನ ಊರಿನವರೇ ಸೇರಿ ಕಾಪಾಡಿಕೊಳ್ಳೋದು ಹೇಗೆ ಅಂತ ಹೇಳಿದವರು. ಅದನ್ನ ಪಾಠ ಮಾಡುವಾಗ ನಾನು ನೀರುಗಂಟಿಯಿಂದ ಶುರು ಮಾಡ್ತೀನಿ. ಕೆರೆಯ ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು ಅವನ ಕೆಲಸ, ಅದಕ್ಕೆ ಪ್ರತಿಯಾಗಿ ಊರವರು ಧಾನ್ಯ ಕೊಡ್ತಿದ್ರು. ಮಕ್ಕಳು ತಮ್ಮೂರಿನ ಕೆರೆ ನೆನೆಸಿಕೊಂಡು ತಾವೇ ಮಾತಾಡಕ್ಕೆ ಶುರು ಮಾಡ್ತಾರೆ. ನೀರುಗಂಟಿಯ ಜಾತಿ ಯಾವುದು, ಅವನಿಗೆ ಗದ್ದೆ ಇತ್ತಾ ಅಂತ ಯಾವುದಾದರೂ ಹುಡುಗಿ ಕೇಳಿಯೇ ಕೇಳ್ತಾಳೆ. ಆಗ ತರಗತಿ ಒಂದೇ ಕಡೆ ವಾಲಲ್ಲ.

ಮಲೆನಾಡ ಹುಡುಗಿಗೆ: ಇಂಗ್ಲಿಷ್ ಬರಲ್ಲ ಅಂತ ನಿಲ್ಲಬೇಡ. ಕರ್ನಾಟಕ ಆರ್ಥಿಕ ಸಮೀಕ್ಷೆ ಪ್ರತಿ ವರ್ಷ ಕನ್ನಡದಲ್ಲೂ ಬರುತ್ತೆ, ಬಜೆಟ್ ಭಾಷಣ ಕನ್ನಡದಲ್ಲಿದೆ, ವಿಧಾನಸಭೆಯ ನಡಾವಳಿಯಲ್ಲಿ ಭೂಸುಧಾರಣೆ ಚರ್ಚೆ ಇದೆ. ಯಾರು ಯಾವ ಕ್ಷೇತ್ರದವರು, ಯಾರು ಏನು ವಿರೋಧಿಸಿದರು ಅಂತ ಅಲ್ಲಿ ನೇರವಾಗಿ ಓದಬಹುದು. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯನ್ನೂ ನೋಡು. 35 ಸೂಚಕ ಇಟ್ಟುಕೊಂಡು ಆಗಿನ 175 ತಾಲೂಕುಗಳನ್ನ ಅಳೆದು 114 ಹಿಂದುಳಿದಿವೆ ಅಂದರು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು. ಮೇಲೆ ಬೆಂಗಳೂರಿನ ಅಣ್ಣ ಹೇಳಿದ ತಲಾ ಆದಾಯದಲ್ಲಿ ನಮ್ಮ ಸೇಡಂ, ಯಾದಗಿರಿ, ದೇವದುರ್ಗ ಎಲ್ಲ ಬೆಂಗಳೂರಿನ ಜೊತೆ ಸೇರಿ ಸರಾಸರಿ ಆಗಿಬಿಡುತ್ತೆ. ದಿಲ್ಲಿಗೆ ನಾವು ಶ್ರೀಮಂತ ರಾಜ್ಯ. ಬೆಂಗಳೂರಿನಿಂದ ದಿಲ್ಲಿಗೆ ನ್ಯಾಯ ಕೇಳುವಾಗ ಕಲಬುರಗಿಯಿಂದ ಬೆಂಗಳೂರಿಗೆ ಅದೇ ನ್ಯಾಯ ಕೇಳ್ತಿದ್ದೀವಿ ಅನ್ನೋದನ್ನ ದಯವಿಟ್ಟು ಮರೀಬೇಡಿ.

ಅಂಕಿಅಂಶ (ಬೆಂಗಳೂರು)

ಮೇಡಂ, ಇದನ್ನ ನಾನು ಬಿಟ್ಟಿದ್ದು ತಪ್ಪು. ಒಪ್ಕೋತೀನಿ.

ಮುಂದಿನ ಓದಿನ ಬಗ್ಗೆ ತಂಗಿ ಕೇಳಿದ್ದಕ್ಕೆ: ಪೊಲಿಟಿಕಲ್ ಎಕಾನಮಿ ಅನ್ನೋ ಹೆಸರಿನ ಪದವಿಯನ್ನೇ ಹುಡುಕೋದು ಬೇಡ. ಎಂ.ಎ. ಅರ್ಥಶಾಸ್ತ್ರ ಮಾಡಿ, ಪ್ರಬಂಧದ ವಿಷಯದಲ್ಲಿ ಇದನ್ನ ಹಿಡ್ಕೊ. ಬೆಂಗಳೂರಿನಲ್ಲಿ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇದೆ. ದಿಲ್ಲಿಯ ಜೆಎನ್‌ಯುನಲ್ಲಿ ಈ ಕಡೆ ಒಲವಿರೋ ಕೇಂದ್ರ ಇದೆ. ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ), ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ್ದು, ಪಿಎಚ್.ಡಿ. ಹಂತಕ್ಕೆ. ಅಲ್ಲಿನ ಗ್ರಂಥಾಲಯಕ್ಕೆ ಒಮ್ಮೆಯಾದರೂ ಬಾ. ಕೆಲಸ ಅಂದ್ರೆ ಉಪನ್ಯಾಸಕ ಹುದ್ದೆ, ಕೆಎಎಸ್, ಸಂಶೋಧನಾ ಸಂಸ್ಥೆ, ಪತ್ರಿಕೆ. ಇಂಡಿಯನ್ ಎಕನಾಮಿಕ್ ಸರ್ವಿಸ್‌ಗೆ ಸ್ನಾತಕೋತ್ತರ ಪದವಿ ಬೇಕೇ ಬೇಕು.

ಮಲೆನಾಡ ಹುಡುಗಿ (ಸಾಗರ ತಾಲೂಕು)

ಎಲ್ಲರಿಗೂ ಧನ್ಯವಾದ. ಉತ್ತರಿಸೋಕೆ ಹತ್ತು ದಿನ ಆಯ್ತು, ಇಂಟರ್ನಲ್ಸ್ ಇತ್ತು. ಗಣಿತ ಶುರು ಮಾಡಿದೀನಿ ಅಣ್ಣ, ಸೂಚ್ಯಂಕದವರೆಗೆ ಬಂದಿದೀನಿ.

ಮೇಷ್ಟ್ರು ಹೇಳಿದ ಹಾಗೆ ಜಗಳ ಹುಡುಕೋಕೆ ಮನೆಯಿಂದಲೇ ಶುರು ಮಾಡಿದೆ. ಅಜ್ಜನ ಟ್ರಂಕಲ್ಲಿ ಒಂದು ಪ್ಲಾಸ್ಟಿಕ್ ಕವರಿನೊಳಗೆ ಗೇಣಿ ಭೂಮಿ ಕೇಳಿ ಹಾಕಿದ ಅರ್ಜಿ, ಅಂದ್ರೆ ಫಾರಂ ನಂಬರ್ 7ರ ನಕಲು, ಭೂ ನ್ಯಾಯಮಂಡಳಿ ಆದೇಶ, ಕೈಬರಹದ ಹಳೇ ಪಹಣಿ ಇತ್ತು. ಮಡಿಕೆ ಬಿಚ್ಚಿದ್ರೆ ಗೆರೆಗೆ ಸರಿಯಾಗಿ ಹರಿದು ಹೋಗೋ ಹಾಗಿದೆ. 1974ರ ಮಾರ್ಚ್ 1ಕ್ಕೆ ಗೇಣಿ ಭೂಮಿ ಎಲ್ಲ ಸರ್ಕಾರಕ್ಕೆ ಸೇರ್ತು, ಆಮೇಲೆ ಉಳುವವರು ಅರ್ಜಿ ಹಾಕ್ಕೊಂಡು ಪಡೀಬೇಕಿತ್ತು ಅಂತ ಪರೀಕ್ಷೆಗೆ ಬರ್ದಿದ್ದೆ. ಆ ಅರ್ಜಿ ಕೈಯಲ್ಲಿ ಹಿಡಿದಿದ್ದು ಇದೇ ಮೊದಲು. ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರು, ಮೊದಮೊದಲು ವಕೀಲರನ್ನ ಒಳಗೆ ಬಿಡ್ತಿರಲಿಲ್ಲ, ಮುತ್ತಜ್ಜ ತಾವೇ ನಿಂತು ಹೇಳ್ಬೇಕಿತ್ತು. ಅವರಿಗೆ ಓದು ಬರ್ತಿರಲಿಲ್ಲ. ಗೇಣಿ ಕೊಟ್ಟಿದ್ದಕ್ಕೆ ಚೀಟಿನೂ ಇರಲಿಲ್ಲ. ಪಹಣಿಯ 9ನೇ ಕಾಲಂನಲ್ಲಿ ಒಡೆಯರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿದಾರ ಅಂತ ಮುತ್ತಜ್ಜನ ಹೆಸರು. ಶಾನುಭೋಗರು ಯಾವುದೋ ವರ್ಷ ಬರೆದ ಆ ಒಂದು ಸಾಲೇ ಸಾಕ್ಷಿಯಾಯ್ತಂತೆ. ಆ ಸಾಲಿಲ್ಲದೆ ಅರ್ಜಿ ಬಿದ್ದುಹೋದವರು ನಮ್ಮೂರಲ್ಲೇ ಇದ್ದಾರೆ ಅಂದ್ರು ಅಜ್ಜ.

ಎರಡು ವಿಷಯ ಆಮೇಲೆ ಹೊಳೀತು. ಇಡೀ ಕಡತದಲ್ಲಿ ಮುತ್ತಜ್ಜಿ ಹೆಸರು ಎಲ್ಲೂ ಇಲ್ಲ. ನಟ್ಟಿ ಮಾಡಿದವರು, ಕಳೆ ಕಿತ್ತವರು ಅವರು. ಇನ್ನೊಂದು, ನಮ್ಮ ಗದ್ದೆಗೆ ಕೂಲಿಗೆ ಬರ್ತಿದ್ದ ಎರಡು ಮನೆಯವರಿಗೆ 1974ರಲ್ಲಿ ಏನೂ ಸಿಗಲಿಲ್ಲ. ಗೇಣಿದಾರರಿಗೆ ಭೂಮಿ ಬಂತು, ಕೂಲಿಯವರು ಆ ಭೂಮಿಗೆ ಅರ್ಜಿ ಹಾಕೋಕೂ ಆಗ್ತಿರಲಿಲ್ಲ. ಉಳುವವನೇ ಒಡೆಯ ಅಂತ ನಾನು ಹತ್ತಾರು ಸಲ ಬರ್ದಿದೀನಿ. ಕೂಲಿ ಮಾಡೋರೂ ಉಳ್ತಿದ್ರಲ್ಲ. ಅಜ್ಜನ ಹತ್ರ ಕೇಳೋಕೆ ಎರಡು ದಿನ ಹಿಡೀತು. ಕೇಳಿದಾಗ ಅವರು ಸಿಟ್ಟಾಗಲಿಲ್ಲ. "ಅವ್ರಿಗೆ ನಾವೂ ಭತ್ತನೇ ಅಳೆದು ಕೊಡ್ತಿದ್ವಿ" ಅಂದ್ರು, ಅಷ್ಟೇ.

ಅಟ್ಟದ ಮೇಲೆ ಕೊಳಗ ಸಿಕ್ತು. ಅಂಚಿನ ಪಟ್ಟಿ ತುಕ್ಕು ಹಿಡಿದಿದೆ. ಅಳತೆ ನೋಡೋಣ ಅಂತ ಅಕ್ಕಿ ತಂದೆ. ಅಜ್ಜ ತಡೆದ್ರು. "ಇದು ನಮ್ಮದು. ಗೇಣಿ ಅಳೆದದ್ದು ಇದ್ರಲ್ಲಲ್ಲ. ಅದು ಅವರ ಮನೇಲೇ ಇರ್ತಿತ್ತು."

ಅತಿಥಿ ಉಪನ್ಯಾಸಕಿ (ಕಲಬುರಗಿ)

ಆ ಮನೆಗೂ ಹೋಗಿ ಬಾ ಪುಟ್ಟಿ. 1974ರಲ್ಲಿ ಅವರು ಏನು ಕಳಕೊಂಡ್ವಿ ಅಂತಾರೆ, ಪರಿಹಾರ ಎಷ್ಟು ಬಂತು, ಆಮೇಲೆ ಮಕ್ಕಳು ಏನು ಓದಿದರು, ಅದನ್ನೂ ಬರ್ಕೋ. ಕೂಲಿಯವರ ಮನೆಗೆ ಮಾತ್ರ ಅದಕ್ಕಿಂತ ಮೊದಲು ಹೋಗು.

ಮಲೆನಾಡ ಹುಡುಗಿ (ಸಾಗರ ತಾಲೂಕು)

ಸರಿ ಮೇಡಂ. ಅವರಲ್ಲಿ ಒಂದು ಮನೆಯ ಅಜ್ಜಿ ಇನ್ನೂ ಇದಾರೆ, ಕಿವಿ ಸ್ವಲ್ಪ ಮಂದ. ನಾಳೆ ಭಾನುವಾರ, ಬೆಳಿಗ್ಗೆ ಅಲ್ಲಿಗೆ ಹೋಗ್ತೀನಿ. ಒಡೆಯರ ಮನೆ ಮೊಮ್ಮಗ ನನ್ನ ಕ್ಲಾಸಲ್ಲೇ ಇದಾನೆ. ಕೊಳಗ ಇದೆಯಾ ಅಂತ ಕೇಳಿದೆ, ಕೊಟ್ಟಿಗೆ ಮೇಲೆ ಏನೋ ಇದೆ, ನೋಡಿ ಹೇಳ್ತೀನಿ ಅಂದಿದಾನೆ.